ಮುದಿ ಕುದುರೆಯ ಕೀಲಿಗೆ ಸಪ್ಲಿಮೆಂಟ್ ಆಯ್ಕೆ: ಪರೀಕ್ಷೆಗೆ ಮುಖ್ಯಾಂಶಗಳು

(ಪಶುಸಂಗೋಪನೆ ಡಿಪ್ಲೊಮಾ, ಪಶುವೈದ್ಯ ಪದವಿ ಮತ್ತು ಇಲಾಖಾ ನೇಮಕಾತಿ ಪರೀಕ್ಷೆ ಬರೆಯುವವರಿಗೆ)

ಪೀಠಿಕೆ

ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಕಾಲುನೋವೆಂದು ಆಸ್ಪತ್ರೆಗೆ ಬರುವ ಪ್ರಾಣಿ ಎತ್ತು, ಹಸು; ಕುದುರೆ ಅಪರೂಪ. ಆದರೆ ಇಲ್ಲಿ ಓದಿದವರು ಮೈಸೂರಿಗೆ ಹೋದರೆ ಟಾಂಗಾ ಕುದುರೆ, ಪೊಲೀಸ್ ಅಶ್ವದಳದ ಕುದುರೆ, ರೇಸಿನಿಂದ ನಿವೃತ್ತಿಯಾದ ಕುದುರೆ ಎಲ್ಲವೂ ಎದುರಾಗುತ್ತವೆ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಕುದುರೆ ಮತ್ತು ಟಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷ, 2012ಕ್ಕೆ ಹೋಲಿಸಿದರೆ ಶೇ. 45.6 ಇಳಿಕೆ. ಸಂಖ್ಯೆ ಇಳಿದರೂ ಪ್ರಶ್ನೆಪತ್ರಿಕೆಯಲ್ಲಿ ಕುದುರೆಯ ಅಂಕ ಇಳಿದಿಲ್ಲ.

ಮುದಿತನ, ಕುಂಟು ಗುರುತಿಸುವುದು

• 15 ವರ್ಷ ದಾಟಿದರೆ ಇಳಿವಯಸ್ಸು, 20 ದಾಟಿದರೆ ಮುಪ್ಪು.

• ಗಾಲ್ವೇನ್ ಗೆರೆ: ಮೇಲ್ದವಡೆಯ ಮೂಲೆಯ ಬಾಚಿಹಲ್ಲಿನಲ್ಲಿ 10ನೇ ವರ್ಷಕ್ಕೆ ಒಸಡಿನ ಬಳಿ ಕಾಣಿಸಿಕೊಳ್ಳುತ್ತದೆ. 15ಕ್ಕೆ ಹಲ್ಲಿನ ಅರ್ಧದವರೆಗೆ ಇಳಿಯುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ, 25ಕ್ಕೆ ಮೇಲಿನರ್ಧ ಮಾಸುತ್ತದೆ, 30ಕ್ಕೆ ಪೂರ್ತಿ ಹೋಗುತ್ತದೆ. ಅಂದಾಜು ವಯಸ್ಸಿಗೆ ಮಾತ್ರ ಇದು ಸಾಕು.

• ಕುಂಟನ್ನು 0ಯಿಂದ 5ರ ಮಾಪಕದಲ್ಲಿ ಅಳೆಯುತ್ತಾರೆ. ದುಡುಕಿ ನಡಿಗೆಯಲ್ಲಿ ಪ್ರತಿ ಸಲವೂ ಕಂಡರೆ 3, ಸಾಮಾನ್ಯ ನಡಿಗೆಯಲ್ಲೇ ಎದ್ದು ಕಂಡರೆ 4, ಕಾಲೂರಲು ಹಿಂಜರಿದರೆ 5. ನಾಲ್ಕು, ಐದಕ್ಕೆ ಸಪ್ಲಿಮೆಂಟ್ ಡಬ್ಬಿ ಹುಡುಕಬಾರದು, ವೈದ್ಯರನ್ನು ಕರೆಯಬೇಕು. ಸಂಚಾರಿ ಪಶುಚಿಕಿತ್ಸೆಯ ಸಹಾಯವಾಣಿ 1962.

ಕೀಲಿನೊಳಗೆ ಆಗುವುದೇನು

ಎಲುಬಿನ ತುದಿಗೆ ಮೃದ್ವಸ್ಥಿಯ ಹೊದಿಕೆ, ನಡುವೆ ಜಾರಿಕೆ ಕೊಡುವ ಕೀಲುದ್ರವ. ಆ ದ್ರವಕ್ಕೆ ಜಿಗುಟು ಕೊಡುವುದು ಹಯಲುರಾನಿಕ್ ಆಮ್ಲ. ಮೃದ್ವಸ್ಥಿಗೆ ಸ್ವಂತ ರಕ್ತನಾಳವಿಲ್ಲ. ಕೀಲು ಅಲುಗಿದಾಗ ದ್ರವ ಒಳಗೆ ಹೊರಗೆ ಸರಿದು ಪೋಷಣೆ ಸಿಗುತ್ತದೆ. ಮುದಿ ಕುದುರೆಯನ್ನು ಲಾಯದಲ್ಲೇ ಕಟ್ಟಿಹಾಕಿದರೆ ಬಿಗಿತ ಹೆಚ್ಚಾಗುವುದು ಇದರಿಂದಲೇ. ಸವೆದುಹೋದ ಮೃದ್ವಸ್ಥಿ ಮೊದಲಿನಂತೆ ಬೆಳೆಯುವುದಿಲ್ಲ. "ಕೀಲನ್ನು ಹೊಸದಾಗಿ ಕಟ್ಟುತ್ತದೆ" ಎಂದು ಬರೆದುಕೊಂಡ ಯಾವ ಪುಡಿಯನ್ನೂ ಆ ಮಾತಿನ ಮೇಲೆ ಕೊಳ್ಳಬೇಡಿ.

ಡಬ್ಬಿಗಿಂತ ಮೊದಲು ಗೋದಲಿ

ಈ ಪಾಠದ ತಿರುಳು ಇಲ್ಲಿದೆ. ನಮ್ಮ ಭಾಗದಲ್ಲಿ ದನಕ್ಕೆ ಬೂಸಾ ಹಾಕಿ ರೂಢಿ. ಅದೇ ಕೈ ಕುದುರೆಗೂ ಬೂಸಾ ಹಾಕುತ್ತದೆ. ಗೋಧಿ ಬೂಸಾದ ಒಂದು ಕಿಲೋದಲ್ಲಿ ರಂಜಕ 11-12 ಗ್ರಾಂ, ಸುಣ್ಣದ ಅಂಶ (ಕ್ಯಾಲ್ಸಿಯಂ) ಒಂದೂವರೆ ಗ್ರಾಂಗೂ ಕಡಿಮೆ. ಕೆಲಸವಿಲ್ಲದ 500 ಕೆ.ಜಿ. ಕುದುರೆಗೆ ದಿನಕ್ಕೆ ಬೇಕಾದದ್ದು ಸುಮಾರು 20 ಗ್ರಾಂ ಕ್ಯಾಲ್ಸಿಯಂ, 14 ಗ್ರಾಂ ರಂಜಕ. ಅಂದರೆ ಕ್ಯಾಲ್ಸಿಯಂ ಯಾವಾಗಲೂ ಮೇಲಿರಬೇಕು, ಹೆಚ್ಚುಕಡಿಮೆ 1.5:1. ಎರಡು ಕಿಲೋ ಬೂಸಾ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ರಕ್ತದ ಮಟ್ಟ ಕಾಯ್ದುಕೊಳ್ಳಲು ದೇಹ ಎಲುಬಿನಿಂದ ಕ್ಯಾಲ್ಸಿಯಂ ಎಳೆಯುತ್ತದೆ. ದವಡೆಯ ಎಲುಬು ಊದುತ್ತದೆ, ಕುಂಟು ಇಂದು ಒಂದು ಕಾಲಿನಲ್ಲಿ, ನಾಳೆ ಇನ್ನೊಂದರಲ್ಲಿ. ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಲ್ಲಿ ಹೆಚ್ಚಾಗಿ ಕಂಡದ್ದರಿಂದ ಇದಕ್ಕೆ ಗಿರಣಿ ರೋಗವೆಂಬ ಹೆಸರೂ ಇದೆ. ಇಂಥ ಕುದುರೆಗೆ ಕೀಲಿನ ಪುಡಿ ಎಷ್ಟು ಕೊಟ್ಟರೂ ವ್ಯರ್ಥ.

• ನೇಪಿಯರ್ ಹುಲ್ಲು ಮತ್ತು ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ದನದ ಮೆಲುಕುಚೀಲದ ಸೂಕ್ಷ್ಮಾಣುಗಳು ಆಕ್ಸಲೇಟನ್ನು ಬಹುಮಟ್ಟಿಗೆ ಒಡೆಯುತ್ತವೆ. ಕುದುರೆಗೆ ಆ ಅನುಕೂಲವಿಲ್ಲ. ದನಕ್ಕೆ ಒಗ್ಗುವ ಮೇವು ಕುದುರೆಗೂ ಒಗ್ಗುತ್ತದೆ ಎನ್ನುವಂತಿಲ್ಲ.

• ಹುರುಳಿ: ನೂರು ಗ್ರಾಂನಲ್ಲಿ ಕ್ಯಾಲ್ಸಿಯಂ ಸುಮಾರು 287 ಮಿ.ಗ್ರಾಂ, ರಂಜಕ 311 ಮಿ.ಗ್ರಾಂ. ಬೂಸಾಕ್ಕಿಂತ ಎಷ್ಟೋ ಸಮತೂಕ. ಬೇಯಿಸಿಯೇ ಕೊಡಬೇಕು. ಹಿಂದಿನವರು ಕುದುರೆಗೆ ಹುರುಳಿ ಬೇಯಿಸಿದ್ದು ದಂಡವಲ್ಲ.

• ದೇಹಸ್ಥಿತಿ ಅಂಕ (ಹೆನ್ನೆಕೆ ಮಾಪಕ, 1983): 1ರಿಂದ 9. ಮುದಿ ಕುದುರೆ 5ರ ಆಸುಪಾಸಿನಲ್ಲಿರಲಿ. ಬೊಜ್ಜು ಇಳಿಸಿದರೆ ಕೀಲಿನ ಹೊರೆಯೂ ಇಳಿಯುತ್ತದೆ.

• ಗೊರಸು ಕತ್ತರಿಸಿ ಲಾಳ ಬದಲಿಸುವುದು 6-8 ವಾರಕ್ಕೊಮ್ಮೆ. ಉದ್ದ ಬಿಟ್ಟ ಗೊರಸು ಗಿಣ್ಣಿನ ಕೋನವನ್ನೇ ಕೆಡಿಸುತ್ತದೆ.

• ಕೆಲಸದ ಹೊರೆ: ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಆನೆ ಅರ್ಜುನ 60 ವರ್ಷ ದಾಟಿದ ಕಾರಣ 2020ರ ದಸರಾದಿಂದ 750 ಕೆ.ಜಿ.ಯ ಅಂಬಾರಿ ಅಭಿಮನ್ಯುವಿನ ಬೆನ್ನಿಗೆ ಹೋಯಿತು. ಮುದಿ ಪ್ರಾಣಿಗೆ ಮೊದಲ ಚಿಕಿತ್ಸೆ ಭಾರ ಇಳಿಸುವುದು. ಆನೆಗೆ ಒಪ್ಪಿದ ನ್ಯಾಯ ಟಾಂಗಾ ಕುದುರೆಗೂ ಸಲ್ಲಬೇಕಲ್ಲವೇ?

ಡಬ್ಬಿಯಲ್ಲಿ ಏನಿರುತ್ತದೆ, ಎಷ್ಟು ನಂಬಬಹುದು

• ಗ್ಲುಕೋಸಮೈನ್: ಅತಿ ಪ್ರಚಾರದ ಅಂಶ. ಕುದುರೆಗೆ ಬಾಯಿಯ ಮೂಲಕ ಕೊಟ್ಟರೆ ರಕ್ತ ಸೇರುವುದು ಸುಮಾರು ಶೇ. 2.5ರಿಂದ 6. ಸಾಮಾನ್ಯವಾಗಿ ಹೇಳುವ ಪ್ರಮಾಣ 500 ಕೆ.ಜಿ. ಕುದುರೆಗೆ ದಿನಕ್ಕೆ 10 ಗ್ರಾಂ.

• ಕಾಂಡ್ರಾಯ್ಟಿನ್, ಎಂಎಸ್ಎಂ: ಬಹುತೇಕ ಗ್ಲುಕೋಸಮೈನ್ ಜೊತೆಗೇ ಬರುತ್ತವೆ. ಸರಾಸರಿ 29 ವರ್ಷದ 24 ಮುದಿ ಕುದುರೆ, ಟಟ್ಟುಗಳಿಗೆ ಈ ಮೂರರ ಮಿಶ್ರಣವನ್ನು ಮೂರು ತಿಂಗಳು ಕೊಟ್ಟು ನಡಿಗೆ ಅಳೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು, ಬಿಗಿತ ಇಳಿಯಲಿಲ್ಲ. ಗ್ಲುಕೋಸಮೈನ್ ಕುರಿತ ಒಟ್ಟು ಸಂಶೋಧನೆಯ ಗುಣಮಟ್ಟವೇ ಕಡಿಮೆ ಎಂದು 2009ರ ವಿಮರ್ಶೆ ಹೇಳಿತ್ತು.

• ಒಮೆಗಾ-3: ಮೀನೆಣ್ಣೆ, ಪಾಚಿಯಿಂದ ಬರುವ ಬಗೆಗೆ ತಕ್ಕಮಟ್ಟಿನ ಆಧಾರವಿದೆ. ಅಗಸೆ ಎಣ್ಣೆಯ ಒಮೆಗಾ-3 ದೇಹದಲ್ಲಿ ಆ ರೂಪಕ್ಕೆ ತಿರುಗುವುದು ಅಲ್ಪ.

• ನ್ಯೂಜಿಲೆಂಡಿನ ಹಸಿರು ತುಟಿಯ ಮಸ್ಸೆಲ್ ಚಿಪ್ಪುಜೀವಿಯ ಸಾರ, ಆವಕಾಡೊ-ಸೋಯಾ ಸಾರ: ಒಂದೊಂದು ಅನುಕೂಲಕರ ಪ್ರಯೋಗವಿದೆ. ದುಬಾರಿ.

• ಅರಿಶಿನ, ಶಲ್ಲಕಿ: ಕುದುರೆಯಲ್ಲಿ ಆಧಾರ ತೀರ ತೆಳು.

• ಚುಚ್ಚುಮದ್ದು ಬೇರೆಯೇ ವರ್ಗ, ಇವು ಔಷಧ: ಪಾಲಿಸಲ್ಫೇಟೆಡ್ ಗ್ಲೈಕೋಸಮಿನೋಗ್ಲೈಕಾನ್ 500 ಮಿ.ಗ್ರಾಂ, ನಾಲ್ಕು ದಿನಕ್ಕೊಮ್ಮೆ, ಒಟ್ಟು 7 ಸಲ, ಮಾಂಸಖಂಡಕ್ಕೆ.

ಚೀಟಿ ಓದುವುದು

2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಕುದುರೆಗೆಂದು ಮಾರುವ 23 ಉತ್ಪನ್ನಗಳ ಪೈಕಿ 9ರಲ್ಲಿ ಚೀಟಿಯ ಮೇಲೆ ಬರೆದದ್ದಕ್ಕಿಂತ ಕಡಿಮೆ ಗ್ಲುಕೋಸಮೈನ್ ಇತ್ತು, ನಾಲ್ಕರಲ್ಲಿ ಶೇ. 30ಕ್ಕೂ ಕಡಿಮೆ. ಇಂಥ ಮೋಸದಿಂದ ತಪ್ಪಿಸಿಕೊಳ್ಳಲು ಪರಿಣತರು ಕೊಟ್ಟ ಸೂತ್ರದ ಹೆಸರು "ಅಕ್ಲೇಮ್". ಏಳು ಅಂಶ ಕೇಳಿದರೆ ಹೀಗೆ ಬರೆಯಿರಿ: ಪರಿಚಿತ ಹೆಸರು, ಚಿಕಿತ್ಸಾ ಅನುಭವ, ಒಳಾಂಶಗಳ ಪಟ್ಟಿ, ಚೀಟಿಯ ಹೇಳಿಕೆ, ಕೊಡುವ ವಿಧಾನ, ಬ್ಯಾಚ್ ಗುರುತು, ತಯಾರಕರ ವಿಳಾಸ. "ವಿಶೇಷ ಮಿಶ್ರಣ" ಎಂದಷ್ಟೇ ಬರೆದು ಗ್ರಾಂ ಲೆಕ್ಕ ಬಚ್ಚಿಟ್ಟ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.

ಡೆವಿಲ್ಸ್ ಕ್ಲಾ ಎಂಬ ಆಫ್ರಿಕದ ಬೇರು ಇದ್ದರೆ ಸ್ಪರ್ಧೆಯ ಕುದುರೆ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು.

ಎಚ್ಚರಿಕೆ (ಬಹುಆಯ್ಕೆ ಪ್ರಶ್ನೆಗೆ ಖಚಿತ ವಸ್ತು)

• ಮೊನೆನ್ಸಿನ್: ಕೋಳಿ ಆಹಾರದಲ್ಲೂ ಕೆಲವು ದನದ ಆಹಾರದಲ್ಲೂ ಬೆರೆಸುವ ಮದ್ದು. ಕುದುರೆಗೆ ಕೆ.ಜಿ. ದೇಹತೂಕಕ್ಕೆ 2-3 ಮಿ.ಗ್ರಾಂ ಮಾರಕ; ಹೃದಯದ ಸ್ನಾಯುವನ್ನೇ ಕೊಲ್ಲುತ್ತದೆ. ಪುಡಿಯನ್ನು ಕೋಳಿ ಆಹಾರದಲ್ಲಿ ಕಲಸಿ ಕೊಡುವುದು, ಕೋಳಿ ಆಹಾರದ ಚೀಲಕ್ಕೆ ತುಂಬಿಡುವುದು ಎರಡೂ ಬೇಡ.

• ಕುಶಿಂಗ್ ರೋಗ: ಮುದಿ ಕುದುರೆಗಳಲ್ಲಿ ಸಾಮಾನ್ಯ. ಬೇಸಿಗೆ ಬಂದರೂ ಉದುರದ ಉದ್ದ ಕೂದಲು ಗುರುತು. ಈ ರೋಗದಲ್ಲಿ ಬರುವ ಗೊರಸಿನೊಳಗಿನ ಉರಿಯೂತದ ಕುಂಟು ಕೀಲುನೋವಿನಂತೆಯೇ ಕಾಣುತ್ತದೆ. ಬೆಲ್ಲ, ಕಾಕಂಬಿ ಬೆರೆತ ಸಪ್ಲಿಮೆಂಟ್ ಇಂಥ ಕುದುರೆಗಳಿಗೆ ಕೊಡಬಾರದು.

• ನೋವುಶಮನಕ: ಪಶುಗಳಿಗೆ ಡೈಕ್ಲೋಫೆನಾಕ್ 2006ರಲ್ಲೂ, ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ 2023ರ ಜುಲೈಯಲ್ಲೂ ನಿಷೇಧವಾದವು. ಕಾರಣ ರಣಹದ್ದು: ಮದ್ದು ಉಳಿದ ಹೆಣ ತಿಂದರೆ ಅದರ ಮೂತ್ರಪಿಂಡ ಕೆಡುತ್ತದೆ. ನಾಗರಹೊಳೆ, ಬಂಡೀಪುರದ ಅಂಚಿನ ಹಳ್ಳಿಗಳಿಗೆ ಇದು ಬರೀ ಪಠ್ಯದ ಮಾತಲ್ಲ. ರಣಹದ್ದಿಗೆ ಸುರಕ್ಷಿತವಾದ ಮೆಲಾಕ್ಸಿಕಾಂ ಕುದುರೆಗೂ ಆಗುತ್ತದೆ, ಕೆ.ಜಿ.ಗೆ 0.6 ಮಿ.ಗ್ರಾಂ, ದಿನಕ್ಕೊಮ್ಮೆ, ವೈದ್ಯರ ಸಲಹೆಯಂತೆ. ಫಿನೈಲ್‌ಬ್ಯುಟಜೋನ್ ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣು.

ಕೊಟ್ಟು ನೋಡುವ ಕ್ರಮ

ಶುರು ಮಾಡುವ ಮುನ್ನ ಗಟ್ಟಿ ನೆಲದ ಮೇಲೆ ನಡೆಸಿ ಮೊಬೈಲಿನಲ್ಲಿ ಚಿತ್ರೀಕರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಲಾಳ, ಮೇವು, ಪುಡಿ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ದೇವರೇ ಹೇಳಬೇಕು. ಆರೆಂಟು ವಾರದ ಮೇಲೆ ಅದೇ ಜಾಗದಲ್ಲಿ ಮತ್ತೆ ಚಿತ್ರೀಕರಿಸಿ, ಹಳೆಯದರ ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸವಿಲ್ಲದಿದ್ದರೆ ನಿಲ್ಲಿಸಿ. ಮಳೆಗಾಲದ ಥಂಡಿಯಲ್ಲಿ ಶುರು ಮಾಡಿ ಬೇಸಿಗೆಯಲ್ಲಿ ಫಲಿತಾಂಶ ನೋಡಿದರೆ ಹವೆಯ ಪುಣ್ಯ ಪುಡಿಗೆ ಹೋಗುತ್ತದೆ.

ಮಾದರಿ ಲೆಕ್ಕ (5 ಅಂಕ)

ತಕ್ಕಡಿ ಇಲ್ಲದಾಗ ತೂಕ (ಕೆ.ಜಿ.) = ಎದೆಸುತ್ತು × ಎದೆಸುತ್ತು × ಉದ್ದ ÷ 11,880. ಅಳತೆ ಸೆಂ.ಮೀ.ನಲ್ಲಿ, ಉದ್ದವೆಂದರೆ ಭುಜದ ತುದಿಯಿಂದ ಪೃಷ್ಠದ ತುದಿಯವರೆಗೆ.

ಎದೆಸುತ್ತು 170, ಉದ್ದ 150 ಇದ್ದರೆ: 170 × 170 × 150 ÷ 11,880 = ಸುಮಾರು 365 ಕೆ.ಜಿ. 500 ಕೆ.ಜಿ.ಗೆ 10 ಗ್ರಾಂ ಎಂದಾದರೆ ಈ ಕುದುರೆಗೆ 7.3 ಗ್ರಾಂ ಗ್ಲುಕೋಸಮೈನ್. ಶೇ. 10ರಷ್ಟು ಗ್ಲುಕೋಸಮೈನ್ ಇರುವ ಒಂದು ಕಿಲೋ ಡಬ್ಬಿಯಲ್ಲಿ ಇರುವುದು ಒಟ್ಟು 100 ಗ್ರಾಂ. 13 ದಿನಕ್ಕೆ ಬರುತ್ತದೆ. ಅದೇ ಡಬ್ಬಿಯ ಮೇಲೆ "ಎರಡು ತಿಂಗಳಿಗೆ ಸಾಕು" ಎಂದು ಅಚ್ಚಾಗಿದ್ದರೆ ದಿನಕ್ಕೆ ಸಿಗುವುದು 1.7 ಗ್ರಾಂ, ಬೇಕಾದದ್ದರ ಕಾಲು ಭಾಗಕ್ಕೂ ಕಡಿಮೆ.