‘ಖಚಿತವೇ?’ ಎಂಬ ಪ್ರಶ್ನೆ ಎಲ್ಲಿ ಬೇಕು, ಎಲ್ಲಿ ಬೇಡ

ಸದಸ್ಯ ಬಾಂಧವರಲ್ಲಿ ಹಲವರು ಈಗ ತೋಟದ ಲೆಕ್ಕವನ್ನು ಗಣಕಯಂತ್ರದಲ್ಲಿಯೂ ಹಣದ ವ್ಯವಹಾರವನ್ನು ಮೊಬೈಲಿನಲ್ಲಿಯೂ ನಡೆಸುತ್ತಿರುವುದರಿಂದ, ಈ ಸಲದ ಪಾಠಕ್ಕೆ ಒಂದು ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇವೆ. ಏನನ್ನಾದರೂ ಅಳಿಸಹೊರಟಾಗ ತೆರೆಯ ಮೇಲೆ ‘ಖಚಿತವೇ? ಹೌದು, ಇಲ್ಲ’ ಎಂಬ ಪ್ರಶ್ನೆ ಮೂಡುತ್ತದಷ್ಟೆ. ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಸೌಕರ್ಯವಿದ್ದಲ್ಲಿ ಈ ಪ್ರಶ್ನೆ ಬೇಕೇ?

ಕಳೆದ ಸುಗ್ಗಿಯಲ್ಲಿ ನಮ್ಮ ಕಚೇರಿಯಲ್ಲಿ ಒಂದು ದಿನದ ಅಡಿಕೆ ತೂಕದ ನಮೂದುಗಳು ಪೂರ್ತಿ ಅಳಿಸಿಹೋದವು. ತಂತ್ರಾಂಶ ಕೇಳಲಿಲ್ಲವೆಂದಲ್ಲ, ಕೇಳಿತ್ತು, ಗುಮಾಸ್ತರು ‘ಹೌದು’ ಒತ್ತಿದ್ದರು. ದಿನವಿಡೀ ಅದೇ ಪ್ರಶ್ನೆಗೆ ಅದೇ ಉತ್ತರ ಕೊಟ್ಟು ಪಳಗಿದ ಬೆರಳು ಮನಸ್ಸಿನ ಅಪ್ಪಣೆಗೆ ಕಾಯಲಿಲ್ಲ. ರಸೀದಿಯ ನಕಲುಗಳನ್ನು ನೋಡಿ ಎಲ್ಲವನ್ನೂ ಮತ್ತೆ ಬರೆಯಲು ಎರಡು ದಿನ ಹಿಡಿಯಿತು. ಮೊದಲು ನಾವು ಗುಮಾಸ್ತರನ್ನು ಗದರಿದೆವು. ಸಮಾಧಾನದಿಂದ ಯೋಚಿಸಿದಾಗ ತಪ್ಪು ಏರ್ಪಾಡಿನದೆಂದು ಕಂಡಿತು.

ಕಾರಣ ಸರಳವಾದುದು. ಪ್ರಶ್ನೆ ಕೆಲಸಕ್ಕೆ ಮೊದಲು ಬರುತ್ತದೆ. ತಪ್ಪಿನ ಅರಿವು ಸಾಮಾನ್ಯವಾಗಿ ಕೆಲಸವಾದ ಮೇಲೆ ಬರುತ್ತದೆ. ಹಿಂಪಡೆಯುವ ಸೌಕರ್ಯ ಆ ಹೊತ್ತಿಗೇ ಒದಗುತ್ತದೆ. ಇದೇನೂ ಹೊಸದಲ್ಲ. ಆಪಲ್ ಸಂಸ್ಥೆ 1983ರಲ್ಲಿ ಹೊರತಂದ ಲೀಸಾ ಯಂತ್ರದಲ್ಲಿಯೇ ಕಡೆಯ ಬದಲಾವಣೆಯನ್ನು ರದ್ದುಪಡಿಸುವ ಆಜ್ಞೆ ಇತ್ತು. ಜಿಮೇಲ್‌ನಲ್ಲಿ ಅಳಿಸಿದ ಪತ್ರ 30 ದಿನ ಕಸದ ಬುಟ್ಟಿಯಲ್ಲಿ ಉಳಿದಿರುತ್ತದೆ. ಕಳುಹಿಸಿದ ಪತ್ರವನ್ನೂ ಹೆಚ್ಚೆಂದರೆ 30 ಸೆಕೆಂಡಿನೊಳಗೆ ತಡೆಯಬಹುದು. ವಾಸ್ತವವಾಗಿ ಅಲ್ಲಿಯವರೆಗೆ ಪತ್ರ ಹೊರಟೇ ಇರುವುದಿಲ್ಲ.

ಆದರೆ ಕೈಬಿಟ್ಟ ಮೇಲೆ ಮರಳದ ಕೆಲಸಗಳೂ ಇವೆ. ಕೊಯ್ದ ಎಳೆಗೊನೆಯನ್ನು ಮರಕ್ಕೆ ಅಂಟಿಸಲಾಗದು. ಯುಪಿಐ ಮೂಲಕ ಹೋದ ಹಣವನ್ನು ಕಳುಹಿಸಿದವರು ತಾವೇ ಹಿಂದಕ್ಕೆಳೆದುಕೊಳ್ಳುವಂತಿಲ್ಲ. ಇಂಥಲ್ಲಿ ಪ್ರಶ್ನೆ ಬೇಕು; ಬರಿಯ ‘ಖಚಿತವೇ?’ ಮಾತ್ರ ಸಾಲದು. 2018ರ ಜನವರಿ 13ರಂದು ಹವಾಯಿ ದ್ವೀಪಗಳಲ್ಲಿ ಕ್ಷಿಪಣಿ ಬರುತ್ತಿದೆಯೆಂಬ ಸುಳ್ಳು ಎಚ್ಚರಿಕೆ ಜನರ ಮೊಬೈಲುಗಳಿಗೆ ಹೋಯಿತು. ಅಲ್ಲಿಯೂ ತಂತ್ರಾಂಶ ‘ಖಚಿತವೇ?’ ಎಂದು ಕೇಳಿತ್ತು. ಅದು ಅಭ್ಯಾಸವೆಂದು ತಿಳಿಯದೆ, ದಾಳಿ ನಿಜವೆಂದೇ ನಂಬಿದ್ದ ನೌಕರ ‘ಹೌದು’ ಎಂದ. ತಿದ್ದುಪಡಿಯ ಸಂದೇಶ ಹೊರಡಲು 38 ನಿಮಿಷ ಹಿಡಿಯಿತು. ಬಳಿಕ ಇಬ್ಬರು ಒಪ್ಪಿದರೆ ಮಾತ್ರ ಎಚ್ಚರಿಕೆ ಹೊರಡುವ ಕಟ್ಟಳೆ ಬಂತು.

ಇದರಿಂದ ನಾವು ಕಲಿಯಬೇಕಾದುದು ಮೂರು. ಒಂದು, ಹಿಂಪಡೆಯಬಹುದಾದ ಕೆಲಸಕ್ಕೆ ಪ್ರಶ್ನೆ ಬೇಡ. ‘ಅಳಿಸಲಾಗಿದೆ, ಮರಳಿ ತರಲೇ?’ ಎಂದು ಆಮೇಲೆ ತಿಳಿಸಿದರೆ ಸಾಕು. ಎರಡು, ಹಿಂಪಡೆಯಲಾಗದ ಕೆಲಸಕ್ಕೆ ಯಾರಿಗೆ, ಎಷ್ಟು, ಏನು ಎಂಬುದನ್ನು ಸ್ಪಷ್ಟವಾಗಿ ತೋರಿಸಿ ಕೇಳಬೇಕು. ಮೊತ್ತ ದೊಡ್ಡದಾದರೆ ಇಬ್ಬರ ಒಪ್ಪಿಗೆ ಇರಬೇಕು. ಮೂರು, ಲೆಕ್ಕದ ಪುಸ್ತಕದಲ್ಲಿ ಹಿಂಪಡೆಯುವುದೆಂದರೆ ಗುರುತಿಲ್ಲದಂತೆ ಒರೆಸುವುದಲ್ಲ. ತಪ್ಪು ಜಮೆಗೆ ಎದುರು ಖರ್ಚು ಬರೆದು ಸರಿಪಡಿಸುವ ನಮ್ಮ ಹಳೆಯ ಪದ್ಧತಿಯೇ ಇಲ್ಲಿಯೂ ಸರಿ. ಯಾರು, ಯಾವಾಗ ತಿದ್ದಿದರೆಂಬುದು ಉಳಿಯಲೇಬೇಕು.

ಸಂಘಕ್ಕೆ ಹೊಸ ತಂತ್ರಾಂಶ ಕೊಳ್ಳುವಾಗ ಮಾರುವವರನ್ನು ಈ ಮೂರನ್ನೂ ಕೇಳಲಿದ್ದೇವೆ. ಸದಸ್ಯರೂ ಅಷ್ಟೆ, ಮೊಬೈಲಿನಲ್ಲಿ ಹಣ ಕಳುಹಿಸುವಾಗ ರಹಸ್ಯ ಸಂಖ್ಯೆ ಒತ್ತುವ ಮೊದಲು ತೆರೆಯ ಮೇಲಿನ ಹೆಸರನ್ನೂ ಮೊತ್ತವನ್ನೂ ಒಮ್ಮೆ ಬಾಯಿಬಿಟ್ಟು ಓದಿಕೊಳ್ಳಬೇಕಾಗಿ ವಿನಂತಿ.