ಸವಾರನ ಸಿದ್ಧತೆ

ಯುದ್ಧವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ರಣರಂಗ. ಫಿರಂಗಿಗಳ ಗರ್ಜನೆ, ಕುದುರೆಗಳ ಓಟ, ವೀರರ ಜಯಘೋಷ ಇವುಗಳನ್ನೇ ಜನರು ನೆನೆಯುತ್ತಾರೆ. ಆದರೆ ಸೈನಿಕನ ಬಾಳಿನಲ್ಲಿ ರಣರಂಗದ ಗಳಿಗೆಗಳು ಕೆಲವೇ. ಅವನ ಸೇವೆಯ ಬಹುಭಾಗ ಕಳೆಯುವುದು ಕವಾಯತಿನ ಬಯಲಿನಲ್ಲಿ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಭಾರತದ ಅಶ್ವದಳ ವಶಪಡಿಸಿಕೊಂಡಿತು. ಆ ದಳದಲ್ಲಿ ಮೈಸೂರು ಸಂಸ್ಥಾನದ ಸವಾರರೂ ಇದ್ದರು. ಒಂದು ದಿನದಲ್ಲಿ ಮುಗಿದ ಆ ಕಾರ್ಯದ ಹಿಂದೆ ವರ್ಷಗಟ್ಟಲೆಯ ಅಭ್ಯಾಸವಿತ್ತು. ಆ ಅಭ್ಯಾಸ ಎಂತಹುದು, ಅದು ಒಬ್ಬ ಹಳ್ಳಿಯ ಯುವಕನನ್ನು ಹೇಗೆ ಮಾರ್ಪಡಿಸುತ್ತಿತ್ತು ಎಂಬುದು ತಿಳಿಯತಕ್ಕ ವಿಷಯ.

ಸೈನ್ಯದ ಬಾಳು ಕಾವೇರಿಯ ತೀರಕ್ಕೆ ಹೊಸತಲ್ಲ. ಶ್ರೀರಂಗಪಟ್ಟಣವು ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ದಕ್ಷಿಣ ಭಾರತದ ಪ್ರಬಲ ಸೈನ್ಯದ ನೆಲೆಯಾಗಿತ್ತು. ಟಿಪ್ಪುವಿನ ಕಾಲದಲ್ಲಿ ಸೈನಿಕರ ಶಿಕ್ಷಣಕ್ಕೆಂದೇ 'ಫತಹುಲ್ ಮುಜಾಹಿದೀನ್' ಎಂಬ ಕೈಪಿಡಿಯನ್ನು ರಚಿಸಲಾಗಿತ್ತು. ಸಮೀಪದ ಹಿರೋಡೆಯ ಬಂಡೆಗಳ ಬಳಿ ಆ ಅರಸರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರು. ಆದುದರಿಂದಲೇ ಇಂಗ್ಲಿಷರು ಆ ಊರನ್ನು 'ಫ್ರೆಂಚ್ ರಾಕ್ಸ್' ಎಂದು ಕರೆದರು. ಅದೇ ಇಂದಿನ ಪಾಂಡವಪುರ. ನಾಗಮಂಗಲದ ಸುತ್ತಣ ಸೀಮೆ ಹಳ್ಳಿಕಾರ್ ರಾಸುಗಳಿಗೆ ಹೆಸರಾದುದು. ಆ ತಳಿಯೊಡನೆ ನಂಟುಳ್ಳ ಅಮೃತಮಹಲ್ ಎತ್ತುಗಳು ಮೈಸೂರಿನ ಸೈನ್ಯದ ಫಿರಂಗಿಗಳನ್ನೂ ಸಾಮಾನು ಸರಂಜಾಮುಗಳನ್ನೂ ಎಳೆಯುತ್ತಿದ್ದವು. ಹಿಂದೆ ಅತ್ತಿಕುಪ್ಪೆ ಎಂದು ಕರೆಯುತ್ತಿದ್ದ ಊರೇ ಇಂದಿನ ಕೃಷ್ಣರಾಜಪೇಟೆ. 1939ರಲ್ಲಿ ಮಂಡ್ಯ ಜಿಲ್ಲೆ ರಚನೆಯಾಗುವವರೆಗೆ ಈ ಪ್ರದೇಶವೆಲ್ಲ ಮೈಸೂರು ಜಿಲ್ಲೆಗೆ ಸೇರಿತ್ತು.

1799ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾಯಿತು. ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿ ದೊರೆತರೂ ಅದರ ಸೈನ್ಯ ಸ್ವತಂತ್ರವಾಗಿ ಉಳಿಯಲಿಲ್ಲ. 1807ರ ಒಪ್ಪಂದದ ಪ್ರಕಾರ ಸಂಸ್ಥಾನವು 4,000 ಕುದುರೆ ಸವಾರರನ್ನು ಇಟ್ಟುಕೊಂಡು, ಇಂಗ್ಲಿಷ್ ಕಂಪನಿ ಕೇಳಿದಾಗ ಅವರನ್ನು ಕಳುಹಿಸಿಕೊಡಬೇಕಾಗಿತ್ತು. ಇವರನ್ನು ಸಿಲ್ಲೇದಾರರು ಎನ್ನುತ್ತಿದ್ದರು. ಸಿಲ್ಲೇದಾರನು ತನ್ನ ಕುದುರೆಯನ್ನೂ ಆಯುಧವನ್ನೂ ತಾನೇ ಹೊಂದಿಸಿಕೊಂಡು ಸೈನ್ಯ ಸೇರಿ ಸಂಬಳ ಪಡೆಯುತ್ತಿದ್ದನು. ಮುಂದೆ 1890ರ ದಶಕದ ಆರಂಭದಲ್ಲಿ ಸಂಸ್ಥಾನದ ಸವಾರರಿಂದ ಆಯ್ದು 'ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್' ಎಂಬ ಪಡೆಯನ್ನು ಕಟ್ಟಲಾಯಿತು. ಲ್ಯಾನ್ಸ್ ಎಂದರೆ ಭರ್ಜಿ. ಭರ್ಜಿಯನ್ನು ಹಿಡಿದ ಸವಾರರ ಪಡೆಯೇ ಲ್ಯಾನ್ಸರ್ಸ್. ಇದರ ನೆಲೆ ಬೆಂಗಳೂರು. ಖರ್ಚು ಸಂಸ್ಥಾನದ್ದು, ಪಡೆಯ ಶಿಕ್ಷಣವನ್ನು ಕಾಲಕಾಲಕ್ಕೆ ಪರೀಕ್ಷಿಸುವವರು ಬ್ರಿಟಿಷ್ ಅಧಿಕಾರಿಗಳು.

ಹಳ್ಳಿಯೊಂದರಿಂದ ಇಂತಹ ಪಡೆಗೆ ಸೇರಿದ ಯುವಕನ ಮೊದಲ ದಿನಗಳನ್ನು ಊಹಿಸಿಕೊಳ್ಳಬಹುದು. ಅಂದು ನಾಗಮಂಗಲಕ್ಕಾಗಲಿ ಕೃಷ್ಣರಾಜಪೇಟೆಗಾಗಲಿ ರೈಲು ಇರಲಿಲ್ಲ. ಅಲ್ಲಿಂದ ಹೊರಟವನು ಕಾಲ್ನಡಿಗೆಯಲ್ಲೋ ಗಾಡಿಯಲ್ಲೋ ಬಂದು ಮೈಸೂರು–ಬೆಂಗಳೂರು ದಾರಿಯ ಯಾವುದಾದರೊಂದು ನಿಲ್ದಾಣದಲ್ಲಿ ರೈಲು ಹತ್ತಬೇಕಾಗಿತ್ತು. ಬೆಂಗಳೂರನ್ನು ಸೇರಿದ ಮೇಲೆ ಅವನ ಹೊತ್ತು ಅವನದಾಗಿ ಉಳಿಯುತ್ತಿರಲಿಲ್ಲ. ಬೆಳಗಿನ ಕಹಳೆ ಎಬ್ಬಿಸುವುದು; ರಾತ್ರಿಯ ಕಹಳೆ ಮಲಗಿಸುವುದು. ನಡುವಣ ಪ್ರತಿ ಗಳಿಗೆಗೂ ಒಂದು ಕೆಲಸ ಗೊತ್ತಾಗಿರುತ್ತಿತ್ತು. ಸೇರಿದ ಕೂಡಲೇ ಕುದುರೆಯೇರಿ ಭರ್ಜಿ ಬೀಸಬಹುದೆಂದು ಬಂದವನಿಗೆ ಮೊದಲು ದೊರೆಯುತ್ತಿದ್ದುದು ಲಾಯದ ಕೆಲಸ ಮತ್ತು ಕಾಲ್ನಡಿಗೆಯ ಕವಾಯತು.

ಸವಾರನ ಮೊದಲ ಪಾಠ ಕುದುರೆಯನ್ನು ಅರಿಯುವುದು. ಲಾಯವನ್ನು ಗುಡಿಸಬೇಕು, ಕುದುರೆಯ ಮೈಯನ್ನು ತಿಕ್ಕಿ ಉಜ್ಜಬೇಕು, ಗೊರಸುಗಳನ್ನು ಎತ್ತಿ ನೋಡಿ ಸಿಕ್ಕ ಕಲ್ಲನ್ನು ತೆಗೆಯಬೇಕು, ಲಾಳ ಸಡಿಲವಾಗಿದೆಯೇ ಎಂದು ಪರೀಕ್ಷಿಸಬೇಕು. ನೀರು ಕುಡಿಸುವುದಕ್ಕೂ ಮೇವು ಹಾಕುವುದಕ್ಕೂ ಹೊತ್ತು ಉಂಟು, ಅಳತೆ ಉಂಟು. ಕುದುರೆ ತಿಂದ ಮೇಲೆಯೇ ಸವಾರನು ಉಣ್ಣುವುದು ಅಶ್ವದಳದ ನಿಯಮ. ಈ ನಿಯಮದಲ್ಲಿ ಕರುಣೆಯೂ ಇದೆ, ಲೆಕ್ಕಾಚಾರವೂ ಇದೆ. ಸವಾರ, ಜೀನು, ಆಯುಧ, ಗುಂಡು, ಮೇವು ಎಲ್ಲವೂ ಸೇರಿ ಯುದ್ಧಕ್ಕೆ ಹೊರಟ ಕುದುರೆಯ ಬೆನ್ನಿನ ಮೇಲೆ ಸುಮಾರು 120 ಕಿಲೋಗ್ರಾಂ ಭಾರ ಬೀಳುತ್ತಿತ್ತು. ಜೀನಿನ ಕೆಳಗೆ ಬಟ್ಟೆಯ ಒಂದು ಮಡಿಕೆ ಉಳಿದರೂ ಸಾಕು, ದೂರದ ಪ್ರಯಾಣದಲ್ಲಿ ಬೆನ್ನು ಹುಣ್ಣಾಗುವುದು. ಬೆನ್ನು ಹುಣ್ಣಾದ ಕುದುರೆ ಕೆಲಸಕ್ಕೆ ಬಾರದು. ಕುದುರೆಯಿಲ್ಲದ ಸವಾರನೂ ಕೆಲಸಕ್ಕೆ ಬಾರನು. ದನಕರುಗಳೊಡನೆ ಬೆಳೆದ ರೈತನ ಮಗನಿಗೆ ಈ ಪಾಠ ಬೇಗನೆ ಮನದಟ್ಟಾಗುತ್ತಿದ್ದುದು ಸಹಜ.

ಆಮೇಲೆ ಸವಾರಿಯ ಶಿಕ್ಷಣ. ಆರಂಭದಲ್ಲಿ ರಿಕಾಪುಗಳಿಲ್ಲದೆ ಕುಳಿತು ಓಡಿಸಬೇಕು. ತೊಡೆಯ ಹಿಡಿತದಿಂದಲೇ ಮೈಯ ಸಮತೋಲವನ್ನು ಕಾಯ್ದುಕೊಳ್ಳುವುದನ್ನು ಕಲಿತ ಮೇಲೆ ಕೈಗಳು ಆಯುಧಕ್ಕೆ ಬಿಡುವಾಗುತ್ತವೆ. ಬೀಳುವುದು, ಏಳುವುದು, ಮತ್ತೆ ಹತ್ತುವುದು ಇದು ಎಲ್ಲರ ಪಾಡು. ಭರ್ಜಿ ಸುಮಾರು ಒಂಬತ್ತು ಅಡಿ ಉದ್ದದ ಆಯುಧ. ಉಕ್ಕಿನ ಮೊನೆಯುಳ್ಳ ಆ ಬಿದಿರ ದಂಡವನ್ನು ಓಡುವ ಕುದುರೆಯ ಮೇಲಿಂದ ಗುರಿಗೆ ನಾಟುವುದಕ್ಕಾಗಿ ನೆಲದಲ್ಲಿ ಹುಗಿದ ಗೂಟವನ್ನು ಭರ್ಜಿಯ ತುದಿಯಿಂದ ಕೀಳುವ ಅಭ್ಯಾಸ ನಡೆಯುತ್ತಿತ್ತು. ನೋಡುವವರಿಗೆ ಅದೊಂದು ಆಟ. ಕಲಿಯುವವನಿಗೆ ಕಣ್ಣು, ಕೈ, ಕುದುರೆ ಮೂರೂ ಒಂದಾಗುವ ಸಾಧನೆ. ಬಂದೂಕಿನ ಶಿಕ್ಷಣವೂ ಇತ್ತು. ಕೆಳಗಿಳಿದು ಹೋರಾಡಬೇಕಾದಾಗ ನಾಲ್ವರಲ್ಲಿ ಒಬ್ಬನು ಉಳಿದವರ ಕುದುರೆಗಳನ್ನು ಹಿಡಿದು ನಿಲ್ಲಬೇಕಾಗಿತ್ತು. ಮುಂದೆ ಹೋದವರ ಶೌರ್ಯವನ್ನು ಲೋಕ ಕಾಣುತ್ತದೆ. ಆದರೆ ಹಿಂದೆ ನಿಂತವನು ಹೆದರಿ ಕುದುರೆಗಳನ್ನು ಬಿಟ್ಟರೆ ನಾಲ್ವರೂ ಉಳಿಯರು. ಯಾವ ಕೆಲಸವೂ ಕೀಳಲ್ಲ ಎಂಬುದನ್ನು ಸೈನ್ಯವು ಹೀಗೆ ಕಲಿಸುತ್ತಿತ್ತು.

1914ರ ಜುಲೈ ತಿಂಗಳ ಕೊನೆಯಲ್ಲಿ ಯೂರೋಪಿನಲ್ಲಿ ಮಹಾಯುದ್ಧ ಆರಂಭವಾಯಿತು. ಆ ವೇಳೆಗೆ ಕನ್ನಂಬಾಡಿಯಲ್ಲಿ 1911ರಲ್ಲಿ ತೊಡಗಿದ ಅಣೆಕಟ್ಟಿನ ಕೆಲಸ ನಡೆಯುತ್ತಿತ್ತು. ದಿವಾನ್ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಸಂಸ್ಥಾನವು ನೀರಾವರಿ, ಶಿಕ್ಷಣ, ಕೈಗಾರಿಕೆಗಳ ಕಡೆಗೆ ಮುಖಮಾಡಿತ್ತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ವೆಚ್ಚಕ್ಕಾಗಿ 50 ಲಕ್ಷ ರೂಪಾಯಿಗಳನ್ನು ನೀಡಿದರು. ಲ್ಯಾನ್ಸರ್ಸ್ ಪಡೆಯನ್ನೂ ಕಳುಹಿಸಲು ಒಪ್ಪಿದರು. ಬಿ. ಚಾಮರಾಜ ಅರಸರ ನಾಯಕತ್ವದಲ್ಲಿ ಪಡೆಯು ಅಕ್ಟೋಬರ್ ತಿಂಗಳಿನಲ್ಲಿ ಬೆಂಗಳೂರನ್ನು ಬಿಟ್ಟಿತು. ಸಂಸ್ಥಾನದ ಸೈನ್ಯದ ಮುಖ್ಯಸ್ಥರಾಗಿದ್ದ ಕರ್ನಲ್ ದೇಸರಾಜ ಅರಸರೂ ಅದರೊಡನೆ ತೆರಳಿದರು. ಹೈದರಾಬಾದು ಮೊದಲಾದ ಸಂಸ್ಥಾನಗಳ ಅಶ್ವದಳಗಳೊಡನೆ ಮೈಸೂರಿನ ಪಡೆಯೂ ಸೇರಿ ಒಂದು ಬ್ರಿಗೇಡ್ ಆಯಿತು.

ಅಪ್ಪಣೆ ಬಂದಂದಿನಿಂದ ಹೊರಡುವವರೆಗಿನ ವಾರಗಳು ಯಾವ ಸೈನಿಕನಿಗೂ ಸುಲಭವಾದವಲ್ಲ. ಪ್ರತಿಯೊಂದು ಕುದುರೆಯನ್ನೂ ಪರೀಕ್ಷಿಸಿ ಅಶಕ್ತವಾದುದನ್ನು ಬಿಡಬೇಕು, ಹೊಸ ಲಾಳಗಳನ್ನು ಕಟ್ಟಿಸಬೇಕು, ಭರ್ಜಿಗಳನ್ನು ಹದಮಾಡಬೇಕು, ಮನೆಗೆ ಕಾಗದ ಬರೆಯಬೇಕು, ಬರೆಯಲು ಬಾರದವನು ಬಲ್ಲವನಿಂದ ಬರೆಸಬೇಕು. ಕಡಲನ್ನೇ ಕಾಣದ ಒಳನಾಡಿನವರಿಗೆ ಹಡಗಿನ ಪ್ರಯಾಣ ಭಯ ಹುಟ್ಟಿಸುವಂತಹುದು. ಕಡಲನ್ನು ದಾಟಿದರೆ ಜಾತಿ ಕೆಡುತ್ತದೆಂಬ ನಂಬಿಕೆಯೂ ಆಗ ಹಲವು ಮನೆಗಳಲ್ಲಿ ಇನ್ನೂ ಬಲವಾಗಿತ್ತು. ಯುದ್ಧ ಎಷ್ಟು ದಿನ, ಮರಳಿ ಬರುವುದು ಎಂದು ಎಂಬುದನ್ನು ಯಾರೂ ಹೇಳಬಲ್ಲವರಾಗಿರಲಿಲ್ಲ.

ಹಡಗಿನಲ್ಲಿ ಕುದುರೆಗಳ ಪಾಡು ಮನುಷ್ಯರಿಗಿಂತ ಕಠಿಣ. ಇಕ್ಕಟ್ಟಾದ ಅಂಕಣಗಳಲ್ಲಿ ಅವು ಪ್ರಯಾಣದುದ್ದಕ್ಕೂ ನಿಂತೇ ಇರಬೇಕು. ಕುದುರೆಗೆ ವಾಂತಿ ಮಾಡುವ ಶಕ್ತಿ ಇಲ್ಲವಾದುದರಿಂದ ಹಡಗಿನ ಹೊಯ್ದಾಟದ ಸಂಕಟ ಅದರೊಳಗೇ ಉಳಿಯುತ್ತದೆ. ಕಾಲುಗಳು ಬಾತುಕೊಳ್ಳದಂತೆ ಉಜ್ಜುವುದು, ಗಾಳಿ ಬರುವಂತೆ ನೋಡಿಕೊಳ್ಳುವುದು, ಬೆದರಿದ ಪ್ರಾಣಿಯ ಕೊರಳನ್ನು ಸವರಿ ಸಂತೈಸುವುದು ಇವು ಸವಾರನ ಹಗಲಿರುಳ ಕೆಲಸ. ತನ್ನ ಅಂಜಿಕೆಯನ್ನು ಅದುಮಿಕೊಂಡು ಮೂಕಪ್ರಾಣಿಯ ಅಂಜಿಕೆಯನ್ನು ನೀಗಿಸುವವನಿಗೆ ಧೈರ್ಯ ತಾನಾಗಿಯೇ ಒದಗುತ್ತದೆ. ಲಾಯದಲ್ಲಿ ಕಲಿತ ಮೊದಲ ಪಾಠ ಕಡಲಿನ ಮೇಲೆಯೂ ನೆರವಾಯಿತು.

ನವೆಂಬರಿನಲ್ಲಿ ಪಡೆ ಈಜಿಪ್ಟನ್ನು ತಲುಪಿತು. ಸೂಯೆಜ್ ಕಾಲುವೆಯ ರಕ್ಷಣೆ ಅದರ ಮೊದಲ ಹೊಣೆ. ಅಲ್ಲಿ ಮರಳುಗಾಡು ಹೊಸ ಗುರುವಾಯಿತು. ಒಂದು ಕುದುರೆಗೆ ದಿನಕ್ಕೆ 30ರಿಂದ 40 ಲೀಟರ್ ನೀರು ಬೇಕು. ನೀರಿನ ನೆಲೆಯನ್ನು ಅರಿಯದೆ ಒಂದು ಹೆಜ್ಜೆಯನ್ನೂ ಮುಂದಿಡುವಂತಿರಲಿಲ್ಲ. ಗುರುತಿಲ್ಲದ ಬಯಲಿನಲ್ಲಿ ದಿಕ್ಕನ್ನು ಹಿಡಿಯುವುದು, ಕುದುರೆಯನ್ನು ಆಯಾಸಗೊಳಿಸದೆ ಕೆಲವು ಹೊತ್ತು ಇಳಿದು ನಡೆಯುವುದು, ಕಾವಲಿನಲ್ಲಿ ನಿದ್ದೆಯನ್ನು ಗೆಲ್ಲುವುದು ಇವೆಲ್ಲವನ್ನೂ ಅಲ್ಲಿ ಹೊಸದಾಗಿ ಕಲಿಯಬೇಕಾಯಿತು. ಹೀಗೆ ಒಂದಲ್ಲ, ಎರಡಲ್ಲ, ಸುಮಾರು ನಾಲ್ಕು ವರ್ಷಗಳು ಕಳೆದವು. 1918ರ ಬೇಸಿಗೆಯಲ್ಲಿ ಜೋರ್ಡಾನ್ ಕಣಿವೆಯ ಉರಿಬಿಸಿಲನ್ನೂ ಮಲೇರಿಯಾವನ್ನೂ ಅವರು ಎದುರಿಸಿದರು.

ಬಳಿಕ ಬಂದುದು ಹೈಫಾದ ದಿನ. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು ನೆಲ. ನಡುವೆ ಪಟ್ಟಣಕ್ಕೆ ಹೋಗುವ ಕಿರಿದಾದ ದಾರಿ. ಬೆಟ್ಟದ ಮೇಲೆ ತುರ್ಕಿ ಸೈನ್ಯದ ಫಿರಂಗಿಗಳಿದ್ದವು. ಅವನ್ನು ಅಡಗಿಸದೆ ದಾರಿ ತೆರೆಯುವಂತಿರಲಿಲ್ಲ. ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ಕಡಿದಾದ ಹಾದಿಯಲ್ಲಿ ಬೆಟ್ಟವನ್ನೇರಿ ಆ ಫಿರಂಗಿಗಳ ಮೇಲೆ ಎರಗಿತು. ಮಧ್ಯಾಹ್ನ ಜೋಧಪುರದ ಸವಾರರು ಗುಂಡಿನ ಮಳೆಯ ನಡುವೆ ಪಟ್ಟಣಕ್ಕೆ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗ್ ವೀರಮರಣ ಹೊಂದಿದರು. ಮೈಸೂರಿನ ಸವಾರರೂ ಅವರ ಹಿಂದೆಯೇ ಸಾಗಿದರು. ಸಂಜೆಯೊಳಗೆ ಹೈಫಾ ವಶವಾಯಿತು. 1,350 ಮಂದಿ ಸೆರೆಯಾದರು. 17 ಫಿರಂಗಿಗಳೂ 11 ಮೆಷಿನ್‌ಗನ್ನುಗಳೂ ಕೈಸೇರಿದವು. ಬ್ರಿಗೇಡಿನಲ್ಲಿ 8 ಮಂದಿ ಮಡಿದರು, 34 ಮಂದಿ ಗಾಯಗೊಂಡರು. ಸತ್ತ ಕುದುರೆಗಳು 60, ಗಾಯಗೊಂಡವು 83. ತನ್ನ ಕೈಯಿಂದಲೇ ಮೇವು ತಿಂದು ಕಡಲು ದಾಟಿ ಬಂದ ಸಂಗಾತಿಯನ್ನು ಕಾರ್ಮೆಲಿನ ತಪ್ಪಲಿನಲ್ಲಿ ಬಿಟ್ಟುಬರಬೇಕಾದ ಸವಾರನಿಗೆ ಜಯದ ಸಂತೋಷ ಪೂರ್ಣವಾಗಿ ದಕ್ಕಿರಲಾರದು.

ಈ ಶೌರ್ಯವನ್ನು ಮೆಚ್ಚುವಾಗ ಒಂದು ಸಂಗತಿಯನ್ನು ಮರೆಯಲಾಗದು. ಈ ಯುದ್ಧವನ್ನು ಸವಾರನು ಬಯಸಿರಲಿಲ್ಲ. ಅವನ ನಾಡಿಗೂ ತುರ್ಕಿಗೂ ಹಗೆಯಿರಲಿಲ್ಲ. ಪರತಂತ್ರವಾದ ದೇಶದಲ್ಲಿ ಯುದ್ಧ ಬೇಕೇ ಬೇಡವೇ ಎಂದು ಪ್ರಜೆಗಳನ್ನು ಕೇಳುವವರಿರಲಿಲ್ಲ. ಅವನು ಕಾದಾಡಿದ್ದು ತಾನು ಕೊಟ್ಟ ಮಾತಿಗಾಗಿ, ಪಕ್ಕದಲ್ಲಿದ್ದ ಗೆಳೆಯರಿಗಾಗಿ. ಕರ್ತವ್ಯವನ್ನು ನಿಷ್ಠೆಯಿಂದ ಮಾಡಿದವನನ್ನು ಗೌರವಿಸುವುದು ಬೇರೆ. ಅವನನ್ನು ಅಲ್ಲಿಗೆ ಕಳುಹಿಸಿದ ಕಾರಣವನ್ನು ವಿಚಾರಿಸುವುದು ಬೇರೆ. ಇತಿಹಾಸವನ್ನು ಓದುವವರು ಎರಡನ್ನೂ ಮಾಡಬೇಕು.

1920ರಲ್ಲಿ ಪಡೆ ತಾಯ್ನಾಡಿಗೆ ಮರಳಿತು. ಮಡಿದವರ ನೆನಪಿಗಾಗಿ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಸ್ಮಾರಕವೊಂದಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳ ಸವಾರರನ್ನು ಪ್ರತಿನಿಧಿಸುತ್ತವೆ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವದಳಗಳು ಭಾರತದ ಸೈನ್ಯದ 61ನೆಯ ಕ್ಯಾವಲ್ರಿಯಲ್ಲಿ ವಿಲೀನವಾದವು.

ಸ್ವತಂತ್ರ ಭಾರತದ ಸೈನಿಕರೂ ಕಡಲಾಚೆಗೆ ಹೋಗಿದ್ದಾರೆ; ಆದರೆ ಬೇರೊಂದು ಉದ್ದೇಶದಿಂದ. ವಿಶ್ವಸಂಸ್ಥೆಯ ಶಾಂತಿಪಾಲನೆಯ ಕಾರ್ಯದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಭಾರತೀಯರು ಸೇವೆ ಸಲ್ಲಿಸಿದ್ದಾರೆ. ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್ಸಿನ ಶಾಂತಿಪಾಲನಾ ಪಡೆಯ ನಾಯಕರಾಗಿ, ಮರುವರ್ಷ ಅಲ್ಲಿಯೇ ನಿಧನರಾದರು. ಇಂತಹ ಸೇವೆಗೆ ಹೊರಡುವವರ ಶಿಕ್ಷಣಕ್ಕಾಗಿ 2000ನೆಯ ವರ್ಷದಲ್ಲಿ ದೆಹಲಿಯಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು. ಹೋಗಲಿರುವ ದೇಶದ ಜನಜೀವನವನ್ನು ಅರಿಯುವುದು, ಹೆಂಗಸರು ಮಕ್ಕಳನ್ನು ರಕ್ಷಿಸುವುದು, ಕಾನೂನಿನ ಮಿತಿಯಲ್ಲಿ ನಡೆಯುವುದು, ಬೇರೆ ದಾರಿ ಉಳಿಯದ ಹೊರತು ಆಯುಧವನ್ನು ಬಳಸದಿರುವುದು ಇವು ಈ ಶಿಕ್ಷಣದ ಮುಖ್ಯ ವಿಷಯಗಳು. ಆಯುಧವನ್ನು ಬೀಸಲು ಕಲಿಯುವುದು ಕಷ್ಟ. ಕೈಯಲ್ಲಿ ಆಯುಧವಿದ್ದೂ ತಡೆದುಕೊಳ್ಳುವುದನ್ನು ಕಲಿಯುವುದು ಅದಕ್ಕಿಂತಲೂ ಕಷ್ಟ. ಈ ಎರಡನೆಯ ವಿದ್ಯೆಯನ್ನು ಸೈನಿಕನಿಗೆ ಕಲಿಸಿ ಕಡಲಾಚೆಗೆ ಕಳುಹಿಸುವ ದೇಶವು ಲೋಕದ ಗೌರವಕ್ಕೆ ಪಾತ್ರವಾಗುತ್ತದೆ.