ಮಹಾಯೋಜನೆಯ ಕರಡಿಗೆ ಆಕ್ಷೇಪಣೆ ಬರೆಯುವಾಗ

ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2031ರ ಕರಡು 2017ರ ನವೆಂಬರಿನಲ್ಲಿ ಹೊರಬಿತ್ತು. ಆಗ ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಕೂತು ಅಕ್ಕಪಕ್ಕದವರಿಗೆ ಆಕ್ಷೇಪಣೆ ಬರೆದುಕೊಡುತ್ತಿದ್ದೆ. ಮುಂದಿನ ಕರಡು ಬಂದಾಗ ಈ ಕೆಲಸಕ್ಕೆ ಕೂರುವವರಿಗಾಗಿ ಈ ಕೆಲವು ಮಾತು.

1. ವರದಿಗಿಂತ ಮೊದಲು ನಕ್ಷೆ ನೋಡಿ. ಮನೆ ಎದುರಿಗೆ ಏನು ಬರುತ್ತದೆಂದು ತಿಳಿಯುವುದು ಅದರ ಬಣ್ಣದಿಂದ: ಹಳದಿ ವಸತಿ, ನೀಲಿ ವಾಣಿಜ್ಯ, ಹಸಿರು ಉದ್ಯಾನ. ಹಳದಿ ಕಂಡಿತೆಂದು ನಿಶ್ಚಿಂತರಾಗಬೇಡಿ. ವಲಯ ನಿಯಮಾವಳಿಯನ್ನೂ ಓದಿ. ರಸ್ತೆ ಅಗಲವಿದ್ದರೆ ವಸತಿ ವಲಯದಲ್ಲೂ ಅಂಗಡಿ, ಕಚೇರಿಗೆ ಅವಕಾಶವಿರುತ್ತದೆ. 2007ರಲ್ಲಿ ಜಾರಿಗೆ ಬಂದ 2015ರ ಮಹಾಯೋಜನೆಯ ಇಂಥ ಅವಕಾಶದ ವಿರುದ್ಧವೇ ಕೋರಮಂಗಲ, ಇಂದಿರಾನಗರದ ನಿವಾಸಿಗಳು ದನಿಯೆತ್ತಿದ್ದು.

2. ಸರ್ವೆ ನಂಬರ್ ಹಾಕಿ. "ನಮ್ಮ ಕೆರೆ ಉಳಿಸಿ" ಎಂದು ಊರಿಗೆ ಊರೇ ಸಹಿ ಹಾಕಿದರೂ, ನಕ್ಷೆಯಲ್ಲಿ ಎಲ್ಲಿ ತಿದ್ದಬೇಕೆಂದು ಅಧಿಕಾರಿಗೆ ಅದರಿಂದ ತಿಳಿಯುವುದಿಲ್ಲ. ಗ್ರಾಮ, ಸರ್ವೆ ನಂಬರ್, ನಕ್ಷೆಯ ಹಾಳೆ, ಸ್ಥಳದಲ್ಲಿ ಇರುವುದೇನು, ಕರಡು ತೋರಿಸುವುದೇನು, ಏನೆಂದು ತಿದ್ದಬೇಕು: ಇಷ್ಟು ಒಂದೇ ಪುಟದಲ್ಲಿರಲಿ.

3. ರಾಜಕಾಲುವೆಯ ಜಾಡು ಹಿಡಿಯಿರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಭೂಮಾಪನ ಇಲಾಖೆಯ ಹಳೆಯ ಗ್ರಾಮ ನಕ್ಷೆಯನ್ನು ಕರಡಿನ ಪಕ್ಕ ಹಾಸಿ. ಕೆರೆಯಿಂದ ಕೆರೆಗೆ ಹೋಗುತ್ತಿದ್ದ ಕಾಲುವೆ ಕರಡಿನಲ್ಲಿ ಅರ್ಧಕ್ಕೇ ನಿಂತಿದ್ದರೆ, ಜೋರು ಮಳೆಯಲ್ಲಿ ಆ ನೀರು ನುಗ್ಗುವುದು ತಗ್ಗಿನ ಮನೆಗಳಿಗೆ. ಆಮೇಲೆ ಕೆರೆ, ಕಾಲುವೆಯ ಪಕ್ಕ ಏನನ್ನೂ ಕಟ್ಟದೆ ಬಿಡಬೇಕಾದ ಮೀಸಲು ಅಂತರ ನೋಡಿ. 2015ರ ಯೋಜನೆಯಲ್ಲಿ ಕೆರೆಗೆ 30 ಮೀಟರ್, ಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಇತ್ತು. ಕೆರೆಗೆ 75 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತು; 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಹಾಗಾಗಿ ಹೊಸ ಕರಡಿನಲ್ಲಿ ಅಂಕಿ ಎಷ್ಟಿದೆ, ಅಳತೆ ಕಾಲುವೆಯ ನಡುವಿನಿಂದಲೋ ಅಂಚಿನಿಂದಲೋ ಎಂಬುದನ್ನು ಬಿಡದೆ ಕೇಳಿ. ಹತ್ತು ಅಡಿ ಆಚೀಚೆಯಾದರೂ ಒಂದು ಇಡೀ ಸಾಲಿನ ಮನೆಗಳ ಹಣೆಬರಹ ಬದಲಾಗುತ್ತದೆ.

4. ಕೊಟ್ಟ ಪ್ರತಿಯೊಂದು ಕಾಗದಕ್ಕೂ ಮುದ್ರೆ, ದಿನಾಂಕ ಇರುವ ಸ್ವೀಕೃತಿ ಪಡೆಯಿರಿ.

5. ಊರಂಚಿನ ರೈತರನ್ನು ಕೇಳಿ. ಬಡಾವಣೆಯವರು ಹಸಿರು ಪಟ್ಟಿ ಉಳಿಯಲಿ ಎನ್ನುತ್ತೇವೆ. ಆ ಪಟ್ಟಿಯೊಳಗೇ ಜಮೀನಿರುವವರ ಕಷ್ಟ ಬೇರೆ. ಪೆರಿಫೆರಲ್ ರಿಂಗ್ ರಸ್ತೆಗೆ ಅಧಿಸೂಚನೆಯಾದ ಜಮೀನಿನವರು ಪರಿಹಾರವೂ ಸಿಗದೆ, ಮಾರಲೂ ಆಗದೆ ವರ್ಷಗಟ್ಟಲೆ ಕಾದರು. ಅವರನ್ನು ಬಿಟ್ಟು ಬರೆದ ಆಕ್ಷೇಪಣೆ ಅರೆಬರೆ ಎಂದೇ ನಾನು ನಂಬಿದ್ದೇನೆ. ಅವರ ಊರಿನ ಅರಳಿಕಟ್ಟೆಗೇ ಹೋಗಿ ಕೂತು ಮಾತಾಡಿ.

6. ಕಡತ ಎಸೆಯಬೇಡಿ. 2031ರ ಕರಡಿಗೆ ಸಾವಿರಾರು ಆಕ್ಷೇಪಣೆ ಬಂದವು. 2020ರಲ್ಲಿ ಸರ್ಕಾರ ಅದನ್ನು ಹಿಂಪಡೆಯಿತು. ಕಾಯ್ದೆಯಂತೆ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗಬೇಕು, ಆದರೂ ನಗರ 2007ರಲ್ಲಿ ಜಾರಿಗೆ ಬಂದ ಆ ಹಳೆಯ ಯೋಜನೆಯ ಮೇಲೆಯೇ ಬೆಳೆಯುತ್ತ ಬಂತು. ಈ ನಡುವೆ ಪಾಲಿಕೆ ಒಂದಿದ್ದದ್ದು ಐದಾಗಿದೆ. ಹಾಗಾಗಿ ಹೊಸ ಕರಡು ಬಂದ ದಿನವೇ ಆಕ್ಷೇಪಣೆಯನ್ನು ಯಾವ ಕಚೇರಿಗೆ, ಯಾವ ತಾರೀಖಿನೊಳಗೆ ಕೊಡಬೇಕೆಂದು ಬರೆದುಕೊಳ್ಳಿ. ಹಳೆಯ ಸರ್ವೆ ನಂಬರುಗಳನ್ನು ಹೊಸ ಹಾಳೆಯಲ್ಲಿ ಒಂದೊಂದಾಗಿ ತಾಳೆ ನೋಡಿ.